ಪ್ರವಾಸಕ್ಕೆ ಹೋಗಿ ಬಂದರೂ ಒಂದಾಗದ ತಂಡ

ಪ್ರಶ್ನೆ: ಪುಣೆಯ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೆರಡು ಜನರ ತಂಡಕ್ಕೆ ನಾನು ಲೀಡ್. ಮರಾಠಿ ಮಾತನಾಡುವ ಹಳಬರದು ಒಂದು ಗುಂಪು, ಬೇರೆ ರಾಜ್ಯಗಳಿಂದ ಬಂದ ಹೊಸಬರದು ಇನ್ನೊಂದು. ಹೊಸಬರಲ್ಲಿ ಇಬ್ಬರು ನಮ್ಮ ಕಡೆಯವರು. ಒಬ್ಬರ ತಪ್ಪನ್ನು ಇನ್ನೊಬ್ಬರು ಎಲ್ಲರಿಗೂ ಮೇಲ್ ಕಳುಹಿಸಿ ಎತ್ತಿ ತೋರಿಸುತ್ತಾರೆ. ಲೋಣಾವಳಾಕ್ಕೆ ಪ್ರವಾಸ ಕರೆದೊಯ್ದರೂ ಪ್ರಯೋಜನವಾಗಲಿಲ್ಲ. ಏನು ಮಾಡಲಿ?
– ವಿಜಯಪುರ ಮೂಲದ ಓದುಗರು, ವಾಕಡ್, ಪುಣೆ

ಉತ್ತರ: ಪ್ರವಾಸದಿಂದ ಫಲ ಸಿಗದಿದ್ದುದು ಅನಿರೀಕ್ಷಿತವೇನಲ್ಲ. 1954ರಲ್ಲಿ ಮನೋವಿಜ್ಞಾನಿ ಮುಜಫರ್ ಷೆರಿಫ್ ಮತ್ತು ಸಂಗಡಿಗರು ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ 22 ಬಾಲಕರನ್ನು ಎರಡು ಗುಂಪು ಮಾಡಿ, ಪಂದ್ಯಗಳನ್ನು ಏರ್ಪಡಿಸಿ ಪೈಪೋಟಿ ಹುಟ್ಟಿಸಿದರು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೂ ಸಿನಿಮಾ ತೋರಿಸಿದರೂ ಜಗಳ ತಗ್ಗಲಿಲ್ಲ; ಹುಡುಗರು ಊಟವನ್ನೇ ಪರಸ್ಪರ ಎಸೆದಾಡಿದರು. ಶಿಬಿರಕ್ಕೆ ನೀರು ನಿಂತಾಗ ಕಾರಣ ಹುಡುಕುವುದು, ಚಾಲೂ ಆಗದ ಟ್ರಕ್ಕನ್ನು ಹಗ್ಗ ಕಟ್ಟಿ ಎಳೆಯುವುದು, ಹೀಗೆ ಒಂದು ಗುಂಪಿನಿಂದಷ್ಟೇ ಆಗದ ಕೆಲಸಗಳು ಮತ್ತೆ ಮತ್ತೆ ಎದುರಾದಾಗ ಮಾತ್ರ ಹಗೆ ಇಳಿಯಿತು. ಈ ಪ್ರಯೋಗದ ನೈತಿಕತೆಯ ಬಗ್ಗೆ ಆಕ್ಷೇಪಗಳಿವೆ, ನಿಮ್ಮ ಇಂಜಿನಿಯರುಗಳು ಮಕ್ಕಳೂ ಅಲ್ಲ; ಆದರೂ ನಿಮ್ಮ ಸಮಸ್ಯೆಗೆ ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ಕಾಣದು.

ಆದ್ದರಿಂದ ಮೊದಲು ಕೆಲಸದ ಹಂಚಿಕೆಯನ್ನು ಪರಿಶೀಲಿಸಿರಿ. ಸಾಫ್ಟ್‌ವೇರಿನ ಮುಖ್ಯ ಭಾಗಗಳಾದ ಮಾಡ್ಯೂಲುಗಳೆಲ್ಲ ಹಳಬರ ಕೈಯಲ್ಲಿದ್ದು ಟೆಸ್ಟಿಂಗ್ ಮಾತ್ರ ಹೊಸಬರ ಪಾಲಿಗೆ ಬಂದಿದ್ದರೆ (ಹಾಗೆಯೇ ಇರಬಹುದೆಂದು ನನ್ನ ಊಹೆ), ತಪ್ಪು ಹಿಡಿಯುವುದೇ ಒಂದು ಗುಂಪಿನ ಉದ್ಯೋಗವಾಗಿಬಿಡುತ್ತದೆ. ಮುಂದಿನ ರಿಲೀಸಿನಲ್ಲಿ ಪ್ರತಿ ಮಾಡ್ಯೂಲಿಗೂ ಹಳಬರೊಬ್ಬರು ಹೊಸಬರೊಬ್ಬರು ಜಂಟಿಯಾಗಿ ಹೊಣೆ ಹೊರಲಿ, ಕ್ಲೈಂಟ್ ಎದುರು ಡೆಮೊವನ್ನೂ ಇಬ್ಬರೂ ಸೇರಿ ಕೊಡಲಿ. ಆದರೆ ಅಪ್ರೈಸಲ್‌ನಲ್ಲಿ (ಕೆಲಸದ ಮೌಲ್ಯಮಾಪನದಲ್ಲಿ) ಅದೇ ಜೋಡಿಯನ್ನು ಪರಸ್ಪರ ಹೋಲಿಸಿ ಒಬ್ಬರನ್ನು ಕೆಳಗಿಳಿಸಿದರೆ ಈ ಏರ್ಪಾಡು ಮೂರು ತಿಂಗಳೂ ಬಾಳದು. ಅಲ್ಲಿಯ ಮಾನದಂಡ ನಿಮ್ಮ ಕೈಯಲ್ಲಿಲ್ಲದಿದ್ದರೆ ಮ್ಯಾನೇಜರರೊಂದಿಗೆ ಮೊದಲೇ ಮಾತನಾಡಿ.

ತಪ್ಪು ಒಪ್ಪಿಕೊಂಡರೆ, ಸಹಾಯ ಕೇಳಿದರೆ ಅವಮಾನವಾಗದೆಂಬ ನಂಬಿಕೆಯುಳ್ಳ ತಂಡಗಳು ಹೆಚ್ಚು ಕಲಿಯುತ್ತವೆಂದು, 51 ತಂಡಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಎಮಿ ಎಡ್ಮಂಡ್‌ಸನ್ 1999ರಲ್ಲಿ ಪ್ರಕಟಿಸಿದರು. ಹಾಗಾಗಿ ದೂರಿನ ಮೇಲ್ ಬಂದರೆ ಎಲ್ಲರಿಗೂ ಉತ್ತರ ಬರೆಯದೆ, ಆ ಇಬ್ಬರನ್ನೇ ಕೂರಿಸಿಕೊಂಡು ಮಾತನಾಡಿ.

ಚಹಾ ಕುಡಿಯುವಾಗಿನ ಮರಾಠಿಯನ್ನು ತಡೆಯಲು ಹೋಗಬೇಡಿ, ಅದು ಅವರ ಊರು, ಅವರ ನುಡಿ. ಆದರೆ ಅಲ್ಲಿ ಆದ ತೀರ್ಮಾನವನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಅದೇ ದಿನ ಮತ್ತೊಮ್ಮೆ ಹೇಳುವ ರೂಢಿ ಇರಲಿ. ನಮ್ಮ ಕಡೆಯವರಿಬ್ಬರೊಂದಿಗೆ ನೀವಾಡುವ ಕನ್ನಡಕ್ಕೂ ಇದೇ ನಿಯಮ. ರಜೆ, ಬಡ್ತಿಗಳ ವಿಷಯವನ್ನಂತೂ ಅವರೊಂದಿಗೆ ಬೇರೆಯಾಗಿ ಮಾತನಾಡಲೇಬೇಡಿ.