ಮೊಳಕೆ ಮನೆಯೊಳಗೆ, ಸಸಿ ಬಿಸಿಲಿಗೆ

ಪ್ರಶ್ನೆ: ನಮ್ಮದು ಫ್ಲಾಟ್. ಅಡುಗೆಮನೆ ಶೆಲ್ಫ್ ಮೇಲೆ ಒಂದು ಟ್ರೇನಲ್ಲಿ ಟೊಮೆಟೊ ಬೀಜ ಹಾಕಿದ್ದೆ. ಐದೇ ದಿನಕ್ಕೆ ಚೆನ್ನಾಗಿ ಮೊಳಕೆ ಬಂತು. ಆಮೇಲೆ ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡು ಕಿಟಕಿ ಕಡೆ ವಾಲಿದವು. ದಿನಾ ನೀರು ಹಾಕುತ್ತಿದ್ದೆ, ಆದರೂ ಒಂದು ಬೆಳಿಗ್ಗೆ ನೋಡಿದರೆ ಅರ್ಧ ಸಸಿ ನೆಲಕ್ಕೆ ಮಲಗಿದ್ದವು. ಬೀಜವೇ ಸರಿ ಇಲ್ವಾ?
– ಓದುಗರು, ಯಲಹಂಕ, ಬೆಂಗಳೂರು

ಬೀಜ ಚೆನ್ನಾಗಿಯೇ ಇದೆ. ಐದು ದಿನಕ್ಕೆ ಮೊಳೆತಿದೆ ಎಂದರೆ ಅದಕ್ಕಿಂತ ಸಾಕ್ಷಿ ಬೇಡ. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಒಂದು ಬೆಳಕಿನದು, ಇನ್ನೊಂದು ನೀರಿನದು.

ಟೊಮೆಟೊ ಬೀಜ ಮೊಳೆಯಲು ಬೆಳಕು ಬೇಕಿಲ್ಲ. ಬೆಚ್ಚಗಿರಬೇಕು, ತೇವ ಇರಬೇಕು, ಅಷ್ಟೇ. ಹಾಗಾಗಿ ಅಡುಗೆಮನೆ ಶೆಲ್ಫ್ ಒಳ್ಳೆಯ ಜಾಗವೇ. ಆದರೆ ಅದು ಮೊಳಕೆ ಏಳುವವರೆಗೆ ಮಾತ್ರ. ಕತ್ತು ಬಗ್ಗಿಸಿಕೊಂಡ ಒಂದು ಬಿಳಿ ಎಳೆ ಮೇಲೆ ಕಂಡ ದಿನವೇ ಟ್ರೇ ಹೊರಗೆ ಬರಬೇಕು. ಇನ್ನೂ ನಾಲ್ಕು ಬೀಜ ಏಳಬೇಕು ಎಂದು ಕಾಯುತ್ತಾ ಕೂತರೆ ಎದ್ದಿರುವುದು ಹಾಳಾಗುತ್ತದೆ. ಮನೆಯೊಳಗಿನ ಬೆಳಕು ನಮ್ಮ ಕಣ್ಣಿಗೆ ಧಾರಾಳ, ಸಸಿಗೆ ಅದು ಹೆಚ್ಚುಕಡಿಮೆ ಕತ್ತಲೆಯೇ. ಬೆಳಕು ಹುಡುಕಿಕೊಂಡು ಅದು ಕಾಂಡವನ್ನು ಎಳೆಯುತ್ತದೆ.

ಪೂರ್ವ ದಿಕ್ಕಿನ ಬಾಲ್ಕನಿ ಇದ್ದರೆ ಬಹಳ ಒಳ್ಳೆಯದು. ಮೊದಲ ಎರಡು ದಿನ ಬೆಳಗಿನ ಎಳೆ ಬಿಸಿಲು ಸಾಕು. ಆಮೇಲೆ ನಿಧಾನವಾಗಿ ನಾಲ್ಕೈದು ಗಂಟೆ ಬಿಸಿಲು ಸಿಗಲಿ. ಬಾಲ್ಕನಿ ಇಲ್ಲದವರು ತಾರಸಿಗೆ ಒಯ್ಯಿರಿ. ಮಳೆಯ ಹೊಡೆತ ಮತ್ತು ಪಾರಿವಾಳ, ಇವೆರಡರಿಂದ ಕಾಪಾಡಿದರೆ ಆಯ್ತು.

ಇನ್ನು ಮಲಗಿದ ಸಸಿಗಳು. ಒಂದನ್ನು ಎತ್ತಿ ಬುಡ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರು ಕುಡಿದಂತೆ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ ಸಣ್ಣಗಾಗಿದ್ದರೆ ಅದು ಬುಡ ಕೊಳೆ ರೋಗ. ಪಿಥಿಯಂ ಮುಂತಾದ, ಮಣ್ಣಿನಲ್ಲಿರುವ ಶಿಲೀಂಧ್ರದಂಥ ಸೂಕ್ಷ್ಮಜೀವಿಗಳ ಕೆಲಸ. ಜಾಸ್ತಿ ನೀರು, ಗಾಳಿಯಾಡದ ಜಾಗ, ಒತ್ತೊತ್ತಾಗಿ ಬಿತ್ತಿದ ಬೀಜ, ಇಷ್ಟಿದ್ದರೆ ಇದು ಬಂದೇ ಬರುತ್ತದೆ. ಮಲಗಿದ್ದು ಮತ್ತೆ ಏಳುವುದಿಲ್ಲ. ಸುತ್ತಲಿನ ಮಣ್ಣಿನ ಸಮೇತ ತೆಗೆದು ಬಿಸಾಡಿ. ಉಳಿದವಕ್ಕೆ ಗಾಳಿ ಆಡಲಿ, ಮೇಲ್ಭಾಗ ಒಣಗಲಿ.

ನೀರನ್ನು ಗಡಿಯಾರ ನೋಡಿ ಹಾಕಬೇಡಿ, ಟ್ರೇಯಲ್ಲಿರುವ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ನೋಡಿ ಹಾಕಿ. ಒದ್ದೆ ಇದ್ದಾಗ ಅದು ಕಡು ಕಂದು, ಒಣಗಿದಾಗ ತಿಳಿ ಕಂದು. ಮೇಲೆ ತಿಳಿಯಾದಾಗ ಟ್ರೇ ಎತ್ತಿ ನೋಡಿ. ಹಗುರ ಅನಿಸಿದರೆ ನೀರು ತುಂಬಿದ ತಟ್ಟೆಯಲ್ಲಿ ಹದಿನೈದು ನಿಮಿಷ ಇಟ್ಟು ತೆಗೆಯಿರಿ. ನೀರು ಕೆಳಗಿನಿಂದ ಏರುತ್ತದೆ, ಕಾಂಡದ ಬುಡ ಒಣಗಿರುತ್ತದೆ. ಮುಂದಿನ ಸಲ ಎರಡು ಪಾಲು ತೊಳೆದ ಕೋಕೋಪಿಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಜೊತೆಗೆ ಸ್ವಲ್ಪ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಬೆರೆಸಿಕೊಳ್ಳಿ. ಬರೀ ಕೋಕೋಪಿಟ್‌ನಲ್ಲಿ ಗಿಡಕ್ಕೆ ಆಹಾರ ಏನೂ ಇರುವುದಿಲ್ಲ.

ಉಳಿದಿರುವ ಉದ್ದ ಸಸಿಗಳನ್ನು ಎಸೆಯಬೇಡಿ. ಟೊಮೆಟೊ ಕಾಂಡಕ್ಕೆ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುವ ಗುಣ ಇದೆ. ಬೇರೆ ಲೋಟಕ್ಕೆ ಬದಲಿಸುವಾಗ ಮೊದಲ ಜೋಡಿ ಎಲೆಯ ತನಕ ಹೂತು ನೆಡಿ. ಬದನೆ, ಮೆಣಸಿನಲ್ಲಿ ಈ ಧೈರ್ಯ ಮಾಡಬೇಡಿ.

ಪ್ರಶ್ನೆ: ಎಲ್ಲಾ ತರಕಾರಿಗೂ ಸಸಿ ಮಾಡಿಯೇ ನೆಡಬೇಕಾ?
– ಓದುಗರು, ದಾವಣಗೆರೆ

ಬೇಡ. ಟೊಮೆಟೊ, ಬದನೆ, ಮೆಣಸು, ದಪ್ಪ ಮೆಣಸಿನಕಾಯಿ, ಕೋಸುಗಳಿಗೆ ಸಸಿ. ಬೆಂಡೆ, ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್, ಕೊತ್ತಂಬರಿ ನೇರ ಕುಂಡಕ್ಕೆ. ಕ್ಯಾರೆಟ್ ಸಸಿ ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ. ಸೌತೆ, ಹೀರೆಯನ್ನು ಸಣ್ಣ ಲೋಟದಲ್ಲಿ ಬೆಳೆಸಬಹುದು, ಆದರೆ ಎರಡು ಎಲೆ ಬರುತ್ತಿದ್ದಂತೆ ಬೇರು ಅಲುಗಿಸದೆ ಸಾಗಿಸಿ.

ಪ್ರಶ್ನೆ: ಅಂಗಡಿಯಿಂದ ತಂದ ಬ್ಯಾಡಗಿ ಮೆಣಸಿನಕಾಯಿಯ ಬೀಜ ಹಾಕಿದೆ. ಜನವರಿಯಲ್ಲಿ ಹಾಕಿದ್ದು, ಹತ್ತು ದಿನ ಆದರೂ ಸದ್ದೇ ಇಲ್ಲ.
– ಓದುಗರು, ಮೈಸೂರು

ಇನ್ನೂ ಸ್ವಲ್ಪ ತಾಳಿ. ಮೆಣಸು ಸೋಮಾರಿ ಬೀಜ. 25ರಿಂದ 30 ಡಿಗ್ರಿ ಶಾಖ ಇದ್ದರೂ ಎಂಟು-ಹತ್ತು ದಿನ ತೆಗೆದುಕೊಳ್ಳುತ್ತದೆ. ಜನವರಿಯ ಮೈಸೂರಿನ ರಾತ್ರಿ ಚಳಿಗೆ ಇನ್ನೊಂದು ವಾರ ಎಳೆದರೆ ಆಶ್ಚರ್ಯವಿಲ್ಲ. ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹಾಕಿದ್ದರೆ ಇನ್ನೂ ತಡ.

ಆದರೆ ಅಂಗಡಿ ಕಾಯಿ ಯಾವ ವರ್ಷದ್ದು ಎಂದು ಯಾರಿಗೆ ಗೊತ್ತು? ಹಳೆಯದಾದಷ್ಟೂ ಮೊಳೆಯುವ ಶಕ್ತಿ ಇಳಿಯುತ್ತದೆ. ಸುಮ್ನೆ ಕುಂಡ ಕಾಯುವ ಬದಲು ಹತ್ತು ಬೀಜವನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿಡಿ. ಎರಡು ವಾರದಲ್ಲಿ ಆರೇಳು ಮೊಳೆತರೆ ಬಿತ್ತಿ. ಒಂದೆರಡೇ ಆದರೆ ಉಳಿದಿದ್ದನ್ನು ಸಾರಿನ ಪುಡಿಗೆ ಹಾಕಿ. ಪ್ಯಾಕೆಟ್ ಬೀಜ ಕೊಂಡರೆ ಒಂದು ಮಾತು: ಗುಲಾಬಿ ಅಥವಾ ನೀಲಿ ಬಣ್ಣದ ಲೇಪ ಇದ್ದರೆ ಅದು ಔಷಧಿ ಹಚ್ಚಿದ ಬೀಜ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಇಲ್ಲಿ ಮಾರ್ಚ್‌ನಲ್ಲೇ ಮನೆಯೊಳಗೆ ಅವರೆ, ಹೀರೆ ಸಸಿ ಮಾಡಿ ಮೇನಲ್ಲಿ ಹೊರಗೆ ನೆಟ್ಟೆ. ಅವರೆ ಬಳ್ಳಿ ಬೇಲಿ ತುಂಬ ಹಬ್ಬಿತು, ಹೂ ಬಿಡುವಷ್ಟರಲ್ಲಿ ಚಳಿ ಬಂತು.
– ಓದುಗರು, ಷಿಕಾಗೊ

ಎಷ್ಟೇ ಬೇಗ ಸಸಿ ಮಾಡಿದರೂ ಆ ಅವರೆ ಬೇಗ ಹೂ ಬಿಡುವುದಿಲ್ಲ. ನಮ್ಮ ಊರಿನ ಹಳೆಯ ಅವರೆಗೆ ಹಗಲು ಚಿಕ್ಕದಾಗಬೇಕು. ಅದಕ್ಕೇ ಇಲ್ಲಿ ರಾಗಿ ಹೊಲದ ಅಕ್ಕಡಿ ಸಾಲಲ್ಲಿ (ರಾಗಿಯ ನಡುವೆ ಬೇರೆ ಬೆಳೆ ಹಾಕುವ ಸಾಲು) ಮಳೆಗಾಲದಲ್ಲಿ ಬಿತ್ತಿದರೂ ಸೊಗಡವರೆ ಸಿಗುವುದು ಚಳಿಗಾಲದಲ್ಲಿ. ನಿಮ್ಮಲ್ಲಿ ಜೂನ್ ಹಗಲು ಹದಿನೈದು ಗಂಟೆ. ಬಳ್ಳಿ ಎಲೆ ಬಿಡುತ್ತಲೇ ಇರುತ್ತದೆ.

ನಿಮಗೆ ಬೇಕಿರುವುದು ಹಗಲಿನ ಲೆಕ್ಕ ಇಲ್ಲದ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಅಂಥವು. ಇವು ಗಿಡ್ಡ ಗಿಡಗಳು, ಕುಂಡದಲ್ಲೂ ಆಗುತ್ತವೆ. ಇವಕ್ಕೆ ಮನೆಯೊಳಗಿನ ಸಸಿಯೂ ಬೇಡ, ಮಣ್ಣು ಬೆಚ್ಚಗಾದ ಮೇಲೆ ನೇರ ಬಿತ್ತಿ. ಬೀಜವನ್ನು ಹಾಗೇ ಸೂಟ್‌ಕೇಸಿಗೆ ಹಾಕಿಕೊಂಡು ಹೋಗಬೇಡಿ. ಅಮೆರಿಕಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಹೀರೆಗೆ ಮಾತ್ರ ಮನೆಯೊಳಗೆ ಶುರು ಮಾಡುವುದು ಸರಿ. ಆದರೆ ಮಾರ್ಚ್ ತೀರಾ ಬೇಗ. ಏಪ್ರಿಲ್ ಕೊನೆಗೆ ಕಾಗದದ ಲೋಟದಲ್ಲಿ ಹಾಕಿ. ನಿಮ್ಮ ಕಿಟಕಿ ಬೆಳಕು ಸಾಲದು, ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಗಿಂತ ನಾಲ್ಕೈದು ಇಂಚು ಮೇಲೆ ತೂಗುಹಾಕಿ ದಿನಕ್ಕೆ 14 ಗಂಟೆ ಉರಿಸಿ. ಹೊರಗೆ ನೆಡುವ ಮುಂಚೆ ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ. ರಾತ್ರಿ ತಾಪ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದರೆ ನೆಡುವುದನ್ನು ಇನ್ನೂ ನಾಲ್ಕು ದಿನ ಮುಂದೆ ಹಾಕಿ.