ರೇಡಿಯೇಶನ್ ಮುಗಿದು ಎರಡು ವರ್ಷ ಆದಮೇಲೆ ಅಪ್ಪನ ಹಲ್ಲು ಕೀಳಿಸಬಹುದಾ?

ಶನಿವಾರ ಹಲ್ಲು ಕೀಳಿಸಲು ತೆಗೆದುಕೊಂಡ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ. ಅಪ್ಪನಿಗೆ ರೇಡಿಯೇಶನ್ ಕೊಟ್ಟ ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ಅವರು ಹೂಂ ಅಂದಮೇಲೆ ಹಲ್ಲು ಕೀಳುವ ಮಾತು. ಉಳಿದದ್ದನ್ನು ನಿಧಾನಕ್ಕೆ ಓದಿದರೂ ನಡೆಯುತ್ತದೆ.

ನೀವು ಬರೆದದ್ದು ಇಷ್ಟು: ಶಿರಸಿ ಕಡೆಯವರು, ತಂದೆಗೆ ಕೆನ್ನೆಯ ಒಳಗಿನ ಕ್ಯಾನ್ಸರ್, ಆಪರೇಶನ್ ಆಗಿ ರೇಡಿಯೇಶನ್ ಮುಗಿದು ಎರಡು ವರ್ಷ, ಈಗ ಗಡ್ಡೆ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಬಾಯಿ ಒಣಗುತ್ತದೆ, ದವಡೆ ಪೂರ್ತಿ ತೆರೆಯುವುದಿಲ್ಲ, ಕುತ್ತಿಗೆ ಬಿಗಿ, ಸದಾ ಸುಸ್ತು. ಕೆಳದವಡೆಯ ಎರಡು ಹಲ್ಲು ಹುಳುಕಾಗಿ ನೋಯುತ್ತಿವೆ. ಕೀಳಿಸಬಹುದಾ, ಇದೆಲ್ಲ ಕ್ಯಾನ್ಸರ್ ವಾಪಸ್ ಬಂದ ಲಕ್ಷಣವಾ, ಮೊಮ್ಮಗಳು ಅಜ್ಜನ ಪಕ್ಕ ಮಲಗಿದರೆ ತೊಂದರೆಯಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಕುಮಟಾದವನು. ನಾಲಿಗೆಯ ಕ್ಯಾನ್ಸರಿಗೆ ರೇಡಿಯೇಶನ್ ತೆಗೆದುಕೊಂಡು ಹಲವು ವರ್ಷವಾಯಿತು. ಅಲ್ಲಿಂದೀಚೆ ನನ್ನ ಬಾಯಿ, ಕುತ್ತಿಗೆಯ ಬಗ್ಗೆ ಡಾಕ್ಟರುಗಳ ತಲೆ ತಿಂದು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಹಲ್ಲು. ರೇಡಿಯೇಶನ್ ಬಿದ್ದ ಮೂಳೆ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಮಾಮೂಲಿಯಾಗೇ ಕಾಣುತ್ತದೆ. ಒಳಗಿನ ಸಣ್ಣ ರಕ್ತನಾಳಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗಿರುತ್ತವೆ. ಗಾಯ ಆಗದಿದ್ದರೆ ಆ ಮೂಳೆ ಹೇಗೋ ಕಾಲ ತಳ್ಳುತ್ತದೆ. ಹಲ್ಲು ಕಿತ್ತ ಗುಳಿ ತುಂಬಬೇಕೆಂದರೆ ರಕ್ತ ಬೇಕು, ಹೊಸ ಜೀವಕೋಶ ಬೇಕು, ಎರಡೂ ಅಲ್ಲಿ ಕಡಿಮೆ. ಹಾಗಾಗಿ ಕೆಲವರಿಗೆ ಗುಳಿ ಮುಚ್ಚುವುದೇ ಇಲ್ಲ. ಬಾಯೊಳಗೆ ಮೂಳೆ ಬೋಳಾಗಿ ಕಾಣುತ್ತದೆ, ಮೂರು ತಿಂಗಳಾದರೂ ಮಾಯುವುದಿಲ್ಲ. ಇದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಅನ್ನುತ್ತಾರೆ. ರಕ್ತದ ಪೂರೈಕೆ ಮೇಲ್ದವಡೆಗಿಂತ ಕೆಳದವಡೆಗೆ ಕಡಿಮೆ ಇರುವುದರಿಂದ ಕಾಟ ಹೆಚ್ಚಾಗಿ ಅಲ್ಲೇ. ಎಲ್ಲರಿಗೂ ಬರುವಂಥದ್ದಲ್ಲ, ಈಗಿನ ಯಂತ್ರಗಳಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಹತ್ತು ಮಂದಿಗೂ ಬರುವುದಿಲ್ಲ. ಆದರೆ ಬಂತೆಂದರೆ ವರ್ಷಗಟ್ಟಲೆ ಜೀವ ಹಿಂಡುತ್ತದೆ. ಕೆಲವರಿಗೆ ದವಡೆಯ ತುಂಡನ್ನೇ ತೆಗೆದು ಕಾಲಿನ ಮೂಳೆ ತಂದು ಕೂರಿಸಬೇಕಾಗುತ್ತದೆ.

‘ಎರಡು ವರ್ಷ ಆಯ್ತಲ್ಲ, ಇನ್ನೇನು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಅಪಾಯಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ರೇಡಿಯೇಶನ್ ಶುರುವಾಗುವ ಮುಂಚೆಯೇ ಹಲ್ಲು ತೋರಿಸಿ, ಉಳಿಯದ ಹಲ್ಲು ಕಿತ್ತು, ಗಾಯ ಮಾಯಲು ಎರಡು ವಾರವಾದರೂ ಬಿಟ್ಟು ಆಮೇಲೆ ಕಿರಣ ಕೊಡಬೇಕು ಎನ್ನುವುದು ಇದೇ ಕಾರಣಕ್ಕೆ.

ಫೋನಿನಲ್ಲಿ ಕೇಳಬೇಕಾದದ್ದು: ಆ ಎರಡು ಹಲ್ಲಿನ ಬುಡದ ಮೂಳೆಗೆ ಎಷ್ಟು ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಬಿದ್ದಿದೆ? ಆಪರೇಶನ್ ಆದಮೇಲೆ ಕೊಡುವ ರೇಡಿಯೇಶನ್ ಸಾಮಾನ್ಯವಾಗಿ 60ರಿಂದ 66 ಗ್ರೇ, ಆಪರೇಶನ್ ಇಲ್ಲದೆ ಕೊಟ್ಟರೆ 70 ಗ್ರೇ ತನಕ. ಆದರೆ ಅದು ಗಡ್ಡೆ ಇದ್ದ ಜಾಗದ ಲೆಕ್ಕ. ಇನ್ನೊಂದು ಬದಿಯ ದವಡೆಗೆ ಅದರ ಅರ್ಧವೂ ಬಿದ್ದಿರಲಿಕ್ಕಿಲ್ಲ. ಯಾವ ಜಾಗಕ್ಕೆ ಎಷ್ಟು ಎಂಬ ಪ್ಲಾನ್ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಕಡಿಮೆ ಬಿದ್ದಿದ್ದರೆ ಶಿರಸಿಯಲ್ಲೇ ಕೀಳಿಸಿ ಅನ್ನಬಹುದು. 60ರ ಆಸುಪಾಸು ಇದ್ದರೆ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಲು ನೋಡುತ್ತಾರೆ, ಇಲ್ಲವೇ ಮೇಲಿನ ಭಾಗ ಕತ್ತರಿಸಿ ಬೇರನ್ನು ಅಲ್ಲೇ ಬಿಡುತ್ತಾರೆ. ಕೀಳಲೇಬೇಕೆಂದರೆ ದವಡೆಯ ಸರ್ಜನ್ ಹತ್ತಿರ, ಮೂಳೆಗೆ ಹೆಚ್ಚು ಪೆಟ್ಟಾಗದಂತೆ, ಆಂಟಿಬಯೋಟಿಕ್ ಕೊಟ್ಟು, ಹೊಲಿಗೆ ಹಾಕಿ. ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಕೂರಿಸುತ್ತೇವೆ ಎಂದು ಯಾರಾದರೂ ದೊಡ್ಡ ಪ್ಯಾಕೇಜ್ ಹೇಳಿದರೆ ತಡೆಯಿರಿ: ಹಲ್ಲು ಕಿತ್ತವರಲ್ಲಿ ಈ ರೋಗ ತಡೆಯಲು ಅದರಿಂದ ಲಾಭ ಕಾಣಲಿಲ್ಲ ಎಂದು ಬ್ರಿಟನ್ನಿನ ಹೋಪಾನ್ ಟ್ರಯಲ್ 2019ರಲ್ಲೇ ಹೇಳಿದೆ.

ಎಲ್ಲ ಮುಗಿದಮೇಲೆ ಈಗ್ಯಾಕೆ ಶುರುವಾಯಿತು ಎಂಬುದು ನಿಮ್ಮ ನಿಜವಾದ ಗಾಬರಿ. ಕಿರಣ ತಾಗಿದ್ದು ಜೀವಕೋಶದ ಡಿಎನ್‌ಎಗೆ. ಹಾಳಾದ ಕೋಶ ಹೆಚ್ಚಾಗಿ ಸಾಯುವುದು ಮುಂದಿನ ಸಲ ಎರಡಾಗಲು ಹೊರಟಾಗ. ಬಾಯಿಯ ಒಳಚರ್ಮದ ಕೋಶಗಳು ಬೇಗಬೇಗ ಎರಡಾಗುತ್ತವೆ, ಅದಕ್ಕೇ ಅಲ್ಲಿ ಎರಡು ಮೂರು ವಾರಕ್ಕೇ ಹುಣ್ಣು. ಅಷ್ಟೇ ಬೇಗ ಮಾಯುತ್ತದೆ ಕೂಡ. ರಕ್ತನಾಳ, ಮೂಳೆ, ಸ್ನಾಯು, ನರ ಇವೆಲ್ಲ ನಿಧಾನದವು. ಅವುಗಳ ಪೆಟ್ಟು ಕಾಣುವುದು ತಿಂಗಳುಗಳ, ವರ್ಷಗಳ ಮೇಲೆ, ಮೆತ್ತಗಿನ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆದು ಎಲ್ಲ ಬಿಗಿಯಾದಾಗ. ಈ ನಿಧಾನದ ಅಂಗಾಂಶಕ್ಕೆ ಒಂದೇ ಸಲದ ದೊಡ್ಡ ಡೋಸ್ ಆಗದು. ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ ಎಳೆದರೆ ನಡುವಿನ ಗಂಟೆಗಳಲ್ಲಿ ಒಳ್ಳೆಯ ಕೋಶ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಆರು ವಾರ ಲಾಡ್ಜ್ ಬಾಡಿಗೆ ಕಟ್ಟಿ ಕಾದದ್ದು ಇದಕ್ಕೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ತಾಪತ್ರಯ ಬೇರೆಯೇ ಇದೆ. ರೇಡಿಯೇಶನ್‌ಗೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ, ಇಲ್ಲವೇ ಬೆಂಗಳೂರಿನ ಕಿದ್ವಾಯಿಯೋ. ಹಲ್ಲಿಗೆ ಶಿರಸಿ, ಬಿಪಿಗೆ ಊರಿನ ಡಾಕ್ಟರು. ಯಾರ ಕೈಯಲ್ಲೂ ಪೂರ್ತಿ ಕಾಗದ ಇಲ್ಲ. ಒಂದೂವರೆ ವರ್ಷ ಕಳೆದು ರೋಗಿ ಗೆಲುವಾದ ಹಾಗೆ ಕಂಡರೆ ‘ಇನ್ಯಾಕೆ ಘಟ್ಟ ಇಳಿದು ಹೋಗುವುದು’ ಎಂದು ಚೆಕಪ್ ನಿಲ್ಲಿಸುತ್ತೇವೆ. ನಿಧಾನದ ತೊಂದರೆಗಳು ತಲೆ ಎತ್ತುವುದು ಸರಿಯಾಗಿ ಆಗಲೇ. ಡೋಸ್ ಬರೆದಿರುವ ಚಿಕಿತ್ಸೆಯ ಸಾರಾಂಶದ ಹಾಳೆ ತರಿಸಿ, ಫೋಟೋ ತೆಗೆದು ಮನೆಯ ಎಲ್ಲರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹಲ್ಲಿನವರಿಗೆ ಕುರ್ಚಿಯಲ್ಲಿ ಒರಗುವ ಮೊದಲೇ ತೋರಿಸಿ.

ಬಾಯಿ ಒಣಗುವುದಕ್ಕೆ ಕಾರಣ ಜೊಲ್ಲಿನ ಗ್ರಂಥಿಗಳು. ಕಿವಿಯ ಮುಂದಿನ ದೊಡ್ಡ ಗ್ರಂಥಿಗೆ ಸರಾಸರಿ 26 ಗ್ರೇ ದಾಟಿದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಅದನ್ನು ತಪ್ಪಿಸಿ ಕೊಡುವ ಐಎಂಆರ್‌ಟಿ ಎಂಬ ವಿಧಾನದಲ್ಲಿ ಈ ಕಾಟ ಕಡಿಮೆ: 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಎಂಬ ಅಧ್ಯಯನದಲ್ಲಿ ವರ್ಷದ ಮೇಲೆ ಬಾಯಿ ಜೋರಾಗಿ ಒಣಗುವುದು ಹಳೆ ವಿಧಾನದಲ್ಲಿ ನೂರಕ್ಕೆ 74 ಜನರಿಗೆ, ಐಎಂಆರ್‌ಟಿಯಲ್ಲಿ 38 ಜನರಿಗೆ. ನನ್ನದು ಆ 38ರ ಪೈಕಿ. ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಕೆನ್ನೆಗೆ ಅಂಟಿ ಕೂರುತ್ತದೆ, ಬಿಡಿಸಿ ತೆಗೆಯಬೇಕು. ಒಣ ಅವಲಕ್ಕಿ ಬಾಯಿಗೆ ಹಾಕಿದರೆ ಹಾಕಿದಲ್ಲೇ ಇರುತ್ತದೆ. ಕುಚ್ಚಲಕ್ಕಿ ಗಂಜಿ, ತಂಬುಳಿ ಕಲಸಿದ ಅನ್ನ ಸಲೀಸು.

ಜೊಲ್ಲು ಇಲ್ಲದ ಬಾಯಲ್ಲಿ ಹಲ್ಲು ಒಸಡಿನ ಅಂಚಿನಿಂದ ಸುತ್ತ ಕೊರೆಯುತ್ತ ಬರುತ್ತದೆ. ನಿಮ್ಮ ತಂದೆಯದೂ ಹಾಗೇ ಆಗಿರಬೇಕು. ಆದ್ದರಿಂದ ಉಳಿದ ಹಲ್ಲಿಗೆ ದಿನವೂ ಫ್ಲೋರೈಡ್ ಜೆಲ್ ಬೇಕಾ ಕೇಳಿ, ಅಂಗಡಿಯ ಪೇಸ್ಟಿನ ಫ್ಲೋರೈಡ್ ಇಂಥವರಿಗೆ ಸಾಲದು. ಒಣಬಾಯಿಗೆ ಕಲ್ಲುಸಕ್ಕರೆ ಚೀಪಿ ಎನ್ನುವ ಹಿತೈಷಿಗಳನ್ನು ದೂರ ಇಡಿ. ಅಪ್ಪೆಹುಳಿ, ಮುರುಗಲು ಪಾನಕ ಕುಡಿದರೆ ಜೊಲ್ಲು ಬಂದ ಹಾಗೆ ಅನಿಸುವುದು ಹೌದು, ಆದರೆ ಹುಳಿ ಹಲ್ಲನ್ನು ಇನ್ನಷ್ಟು ತಿನ್ನುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಪದೇ ಪದೇ ಗುಟುಕು ನೀರು, ಅಷ್ಟೇ.

ಕವಳದ, ಅಂದರೆ ಎಲೆ ಅಡಿಕೆ ಜಗಿಯುವ ವಿಷಯ ನೀವು ಎತ್ತಲಿಲ್ಲ, ನಾನೇ ಎತ್ತುತ್ತೇನೆ. ತಂಬಾಕು ಬಿಟ್ಟಿದ್ದಾರೆ, ಬರೀ ಎಲೆ ಅಡಿಕೆ ಹಾಕುತ್ತಾರೆ ಎನ್ನುವುದು ನಮ್ಮ ಕಡೆ ಸಾಮಾನ್ಯ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ತೋಟವೇ ಅನ್ನ ಕೊಡುವ ಊರಿನಲ್ಲಿ ಇದನ್ನು ಹೇಳಿದರೆ ಜಗಳಕ್ಕೆ ಬರುತ್ತಾರೆ, ಬರಲಿ. ಅಡಿಕೆ ತಾನಾಗಿಯೇ ಕೆನ್ನೆಯೊಳಗೆ ನಾರು ಬೆಳೆಸಿ ಬಾಯಿ ಕಟ್ಟುತ್ತದೆ, ರೇಡಿಯೇಶನ್ನೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ತಂದೆಯವರ ದವಡೆ ತೆರೆಯುವುದು ಹೇಗೆ?

ದವಡೆಗೆ ಒಂದು ಅಳತೆ: ಮೇಲಿನ ಮತ್ತು ಕೆಳಗಿನ ಮುಂಬಲ್ಲಿನ ನಡುವೆ ತಮ್ಮದೇ ಮೂರು ಬೆರಳು ನಿಲ್ಲಿಸಿ ತೂರಬೇಕು. 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಹಿಡಿದಿದೆ ಎಂದು ಲೆಕ್ಕ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಹಿಗ್ಗಿಸುವ ವ್ಯಾಯಾಮ ಫಿಸಿಯೋಥೆರಪಿಯವರು ಕಲಿಸುತ್ತಾರೆ. ಹುಳುಕಿನ ನೋವು ಇಳಿಯುವ ತನಕ ಇದು ಬೇಡ. ಆಮೇಲೆ ದಿನಕ್ಕೆ ಹಲವು ಸಲ, ವರ್ಷಗಟ್ಟಲೆ. ನಿಲ್ಲಿಸಿದರೆ ಮತ್ತೆ ಬಿಗಿಯುತ್ತದೆ. ನಾನು ಟಿವಿ ನೋಡುವಾಗ ಬಾಯಲ್ಲಿ ಕಡ್ಡಿ ಕಚ್ಚಿಕೊಂಡೇ ಇರುತ್ತೇನೆ, ಮನೆಯವರಿಗೆ ಅದರಿಂದ ಶಾಂತಿ.

ಸುಸ್ತಿಗೆ ನಾಳೆಯೇ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕುತ್ತಿಗೆಗೆ ಕಿರಣ ಬಿದ್ದವರಿಗೆ ಥೈರಾಯ್ಡ್ ಕೈಕೊಡುವುದು ಮಾಮೂಲು, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಶಿರಸಿಯ ಲ್ಯಾಬಿನಲ್ಲೇ ಆಗುತ್ತದೆ, ಮಾತ್ರೆಯೂ ಅಗ್ಗ. ವಯಸ್ಸಾಯಿತು ಎಂದು ಸುಮ್ಮನೆ ಕೂರಿಸಬೇಡಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಹೇಳಿ, ನುಂಗುವ ಸ್ನಾಯು ಬಿಗಿದು ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಕುತ್ತಿಗೆಯ ದೊಡ್ಡ ರಕ್ತನಾಳವೂ ವರ್ಷಗಳ ಮೇಲೆ ಕಿರಿದಾಗುವುದುಂಟು, ಬಿಪಿ ಕೊಲೆಸ್ಟ್ರಾಲ್ ಹದ್ದುಬಸ್ತಿನಲ್ಲಿರಲಿ. ಕೆನ್ನೆಯ ಒಂದು ಬದಿಗೆ ಗಡ್ಡ ಬರದಿದ್ದರೆ ಅದಕ್ಕೆ ಮದ್ದಿಲ್ಲ. ನನಗೂ ಎಡಗಡೆ ಬರುವುದಿಲ್ಲ, ಕ್ಷೌರದಂಗಡಿಯವನು ಮಾತ್ರ ಪೂರ್ತಿ ದುಡ್ಡೇ ತೆಗೆದುಕೊಳ್ಳುತ್ತಾನೆ.

ಕ್ಯಾನ್ಸರ್ ವಾಪಸ್ ಬಂದಿದೆಯೋ ಇಲ್ಲವೋ ಎಂದು ನಿಮ್ಮ ಪ್ರಶ್ನೆ ಓದಿ ಯಾರೂ ಹೇಳಲಾರರು. ನೀವು ಬರೆದ ಬಿಗಿತ, ಒಣಗುವಿಕೆ, ಹುಳುಕು ಇವೆಲ್ಲ ರೇಡಿಯೇಶನ್ನಿನ ನಿಧಾನದ ಪೆಟ್ಟಿಗೆ ಹೊಂದುತ್ತವೆ. ಆದರೆ ದವಡೆ ಈಚೆಗೆ ಇದ್ದಕ್ಕಿದ್ದಂತೆ ಹಿಡಿದಿದ್ದರೆ, ಎರಡು ಮೂರು ವಾರಕ್ಕೂ ಮಾಯದ ಹೊಸ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಒಂದೇ ಕಿವಿಗೆ ನೋವು, ರಕ್ತ, ಸುಮ್ಮಸುಮ್ಮನೆ ತೂಕ ಇಳಿಯುವುದು ಇದ್ದರೆ ಫೋನ್ ಸಾಲದು, ಕರೆದುಕೊಂಡೇ ಹೋಗಿ.

ಮೊಮ್ಮಗಳು ಧಾರಾಳವಾಗಿ ಅಜ್ಜನ ಪಕ್ಕ ಮಲಗಲಿ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಸ್ವಿಚ್ ಆರಿಸಿದ ಕ್ಷಣಕ್ಕೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಕೈಗಾ ಅಣುಸ್ಥಾವರದ ಹೆಸರು ಕೇಳಿ ಬೆಳೆದ ನಮ್ಮವರಿಗೆ ರೇಡಿಯೇಶನ್ ಎಂದಕೂಡಲೇ ಸೋರಿಕೆಯ ಭಯ, ಇಲ್ಲಿ ಸೋರುವುದಕ್ಕೆ ಏನೂ ಇಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ವಿಕಿರಣ ಅಯೋಡಿನ್‌ಗೆ ಮಾತ್ರ ಕೆಲವು ದಿನ ದೂರ ಇರಬೇಕು, ಅದು ಬೇರೆ ಚಿಕಿತ್ಸೆ.

ಫೋನ್ ಮಾಡಿ ಉತ್ತರ ಬರುವ ತನಕ ನೋವಿಗೆ ಏನು ಕೊಡುವುದೆಂದು ಅವರನ್ನೇ ಕೇಳಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲಿ, ಲವಂಗದ ಎಣ್ಣೆ ಹಚ್ಚುವುದು ಬೇಡ, ಒಳಚರ್ಮ ಸುಡುತ್ತದೆ. ಕೆನ್ನೆ ಊದಿಕೊಂಡರೆ, ಜ್ವರ ಬಂದರೆ, ಕೀವು ಕಂಡರೆ ಕಾಯಬೇಡಿ. ಆ ದಿನವೇ ಹತ್ತಿರದ ಆಸ್ಪತ್ರೆಗೆ ಹೋಗಿ, ಡೋಸಿನ ಹಾಳೆ ಇನ್ನೂ ಕೈಗೆ ಬಂದಿರದಿದ್ದರೂ ‘ದವಡೆಗೆ ರೇಡಿಯೇಶನ್ ಆಗಿದೆ’ ಎಂದು ಬಾಯಿಬಿಟ್ಟು ಹೇಳಿ.