ಫ್ಯೂರಿ, ಉಸಿಕ್ ಮುಂದೆ ಅಲಿ ಕಾಲದವರು ನಿಲ್ಲುತ್ತಿದ್ದರಾ?

ಮುಹಮ್ಮದ್ ಅಲಿ, ಜೋ ಫ್ರೇಜಿಯರ್, ಜಾರ್ಜ್ ಫೋರ್‌ಮನ್ ಕಾಲದ ಹೆವಿವೇಟ್ (ಅತಿ ಭಾರದ ವಿಭಾಗದ) ಬಾಕ್ಸರ್‌ಗಳನ್ನು ಬ್ರಿಟನ್ನಿನ ಟೈಸನ್ ಫ್ಯೂರಿ, ಉಕ್ರೇನಿನ ಉಸಿಕ್ ಥರದ ಇವತ್ತಿನವರ ಎದುರು ನಿಲ್ಲಿಸಿದರೆ ಏನಾಗುತ್ತೆ ಅಂತ ಕೇಳಿದ್ದೀರಿ. ನಿಮ್ಮ ತಂದೆಯವರು ಅಲಿ ಬಿಟ್ಟು ಬೇರೆ ಹೆಸರು ಎತ್ತೋದಿಲ್ಲ, ನೀವು ಟೈಸನ್ ಫ್ಯೂರಿಯ ಎತ್ತರ ತೂಕ ಮುಂದಿಟ್ಟು ವಾದ ಮಾಡ್ತೀರಿ ಅಂತಲೂ ಬರೆದಿದ್ದೀರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. 1960–70ರ ದಶಕದ ಮೊದಲ ಸಾಲಿನವರು ಇವತ್ತೂ ನಿಲ್ಲುತ್ತಾರೆ, ಗೆಲ್ಲುತ್ತಾರೆ ಕೂಡ. ಅವರಿಗಿಂತ ಹಿಂದಿನವರಲ್ಲಿ 1930–40ರ ದಶಕದ ಚಾಂಪಿಯನ್ ಜೋ ಲೂಯಿಸ್‌ನನ್ನು ಬಿಟ್ಟರೆ ಉಳಿದವರಿಗೆ ತುಂಬಾ ಕಷ್ಟ. ನಾನು ಮುಂಬೈಯಲ್ಲಿ, ವಡಾಲ ಕಡೆ, ಸಂಜೆ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಈ ವಾದ ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಏಳುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ತೂಕದ ಮಾತು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಅಲಿ ಮತ್ತು ಫ್ರೇಜಿಯರ್ ಮೊದಲ ಸಲ ಎದುರಾದಾಗ ಅಲಿ ಸುಮಾರು 97 ಕಿಲೋ, ಫ್ರೇಜಿಯರ್ 93. ರಾಕಿ ಮಾರ್ಸಿಯಾನೊ 1952ರಲ್ಲಿ ಚಾಂಪಿಯನ್ ಆದಾಗ 84 ಕಿಲೋ ಕೂಡ ಇರಲಿಲ್ಲ. ಇವತ್ತು ಹೆವಿವೇಟ್ ಅಂದರೆ 200 ಪೌಂಡ್, ಅಂದರೆ 90 ಕಿಲೋ ದಾಟಿರಬೇಕು. ಒಂದೂ ಪಂದ್ಯ ಸೋಲದೆ 49 ಗೆದ್ದು ನಿವೃತ್ತನಾದ ಮಾರ್ಸಿಯಾನೊ ಈಗ ಇದ್ದಿದ್ದರೆ ಅದಕ್ಕಿಂತ ಕೆಳಗಿನ ವಿಭಾಗವಾದ ಕ್ರೂಸರ್‌ವೇಟ್‌ನಲ್ಲಿ ಆಡುತ್ತಿದ್ದ. ಫ್ಯೂರಿ 2020ರ ಫೆಬ್ರವರಿಯಲ್ಲಿ ಆಗಿನ ಚಾಂಪಿಯನ್ ಡಿಯಾಂಟೆ ವೈಲ್ಡರ್‌ನನ್ನು ಸೋಲಿಸಿದಾಗ 124 ಕಿಲೋ ತೂಗುತ್ತಿದ್ದ. ಎತ್ತರ ಆರು ಅಡಿ ಒಂಬತ್ತು ಇಂಚು.

ತೂಕ ಅಂದ ತಕ್ಷಣ ಎಲ್ಲರೂ ಪಂಚಿನ ಬಲವನ್ನು ನೆನೆಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಮಾತು. ತೂಕ ನಿಜವಾಗಿ ಕೆಲಸ ಮಾಡುವುದು ಕ್ಲಿಂಚ್‌ನಲ್ಲಿ, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಾಗ. ನಮ್ಮಲ್ಲಿ ತೊಂಬತ್ತು ಕಿಲೋ ದಾಟಿದ ಹುಡುಗ ಒಬ್ಬನಿದ್ದಾನೆ. ಎಪ್ಪತ್ತೈದರ ಹುಡುಗನ ಜೊತೆ ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾದಾಟಕ್ಕೆ, ಬಿಟ್ಟರೆ ಪಂಚ್ ಹಗುರಾಗಿ ಹಾಕು ಅಂತ ಹೇಳೇ ಬಿಡ್ತೀನಿ. ಅವನು ಹಗುರಾಗೇ ಹಾಕ್ತಾನೆ. ಆದರೆ ಹತ್ತಿರ ಬಂದಾಗಲೆಲ್ಲ ಎಡಗೈಯನ್ನು ಇವನ ಕುತ್ತಿಗೆಯ ಹಿಂದೆ ಹಾಕಿ, ಎದೆ ಒರಗಿಸಿ, ಸುಮ್ನೆ ನಿಂತುಬಿಡ್ತಾನೆ. ಮೂರನೇ ರೌಂಡಿನ ಹೊತ್ತಿಗೆ ಚಿಕ್ಕವನ ಕೈ ಚೆನ್ನಾಗೇ ಇರುತ್ತವೆ, ಕಾಲು ಮಾತ್ರ ಹೋಗಿರುತ್ತವೆ. ಸಂಜೆ ದಾದರ್‌ನಲ್ಲಿ ಲೋಕಲ್ ಹತ್ತಿ, ಹಿಂದಿನಿಂದ ಒತ್ತುವ ಜನರ ಭಾರ ತಡೆದುಕೊಂಡು ಠಾಣೆವರೆಗೆ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಯಾರೂ ಹೊಡೆದಿಲ್ಲ, ಆದರೂ ಇಳಿಯುವಾಗ ತೊಡೆ ನಡುಗುತ್ತಿರುತ್ತದೆ. ಫ್ಯೂರಿ ವೈಲ್ಡರ್‌ಗೆ ಮಾಡಿದ್ದೂ ಇದನ್ನೇ. ಅವನಿಗಿಂತ 19 ಕಿಲೋ ಜಾಸ್ತಿ ಇದ್ದ, ಮೊದಲ ರೌಂಡಿನಿಂದಲೇ ಮೈಮೇಲೆ ಒರಗಿದ. ಏಳನೇ ರೌಂಡಿನಲ್ಲಿ ವೈಲ್ಡರ್ ಕಡೆಯವರೇ ಸಾಕು ನಿಲ್ಲಿಸಿ ಅಂತ ಟವೆಲ್ ಎಸೆದರು.

ಹಾಗಂತ ದೊಡ್ಡ ಮೈ ಇವತ್ತು ಹುಟ್ಟಿದ್ದಲ್ಲ. 1919ರ ಜುಲೈ 4ರಂದು ಅಮೆರಿಕದ ಟೊಲೆಡೊದಲ್ಲಿ ಜಾಕ್ ಡೆಂಪ್ಸಿ 85 ಕಿಲೋ, ಎದುರಿಗಿದ್ದ ಜೆಸ್ ವಿಲ್ಲಾರ್ಡ್ 111 ಕಿಲೋ. ಮೊದಲ ರೌಂಡಿನಲ್ಲೇ ವಿಲ್ಲಾರ್ಡ್ ಏಳು ಸಲ ನೆಲ ಕಂಡ. 1935ರಲ್ಲಿ ಜೋ ಲೂಯಿಸ್ ತನಗಿಂತ ಎಷ್ಟೋ ಭಾರವಿದ್ದ ಪ್ರಿಮೊ ಕಾರ್ನೆರಾನನ್ನು ಆರು ರೌಂಡಿನಲ್ಲಿ ಮುಗಿಸಿದ. ಆಗಲೂ ದೈತ್ಯರಿದ್ದರು, ಅವರಿಗೆ ಆಟ ಬರುತ್ತಿರಲಿಲ್ಲ. ಲೆನ್ನಾಕ್ಸ್ ಲೂಯಿಸ್, ಕ್ಲಿಟ್ಷ್ಕೊ ಅಣ್ಣತಮ್ಮಂದಿರು, ಫ್ಯೂರಿ ಬಂದ ಮೇಲೆ ಬದಲಾದದ್ದು ಇದು. ಅಷ್ಟು ಎತ್ತರದ ಮನುಷ್ಯನಿಗೆ ಈಗ ಒಳ್ಳೆಯ ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಪಂಚ್) ಇದೆ, ಫುಟ್‌ವರ್ಕ್ ಇದೆ, ಯಾವಾಗ ಹಿಡಿಯಬೇಕು ಅನ್ನೋದೂ ಗೊತ್ತು. ಲೆನ್ನಾಕ್ಸ್ ಲೂಯಿಸ್‌ಗೂ ವ್ಲಾಡಿಮಿರ್ ಕ್ಲಿಟ್ಷ್ಕೊಗೂ ಇದನ್ನು ತಿದ್ದಿ ಕಲಿಸಿದ್ದು ಡೆಟ್ರಾಯಿಟ್‌ನ ಕೋಚ್ ಇಮ್ಯಾನುಯೆಲ್ ಸ್ಟೀವರ್ಡ್. ನನ್ನ ಕೇಳಿದರೆ ಇವತ್ತಿನ ಹೆವಿವೇಟ್ ಆಟದ ಮೇಲೆ ಅವರಷ್ಟು ಪ್ರಭಾವ ಬೀರಿದವರು ಬೇರೆ ಯಾರೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು 70ರ ದಶಕದವರ ಪರವಾಗಿ ಯಾಕೆ ನಿಲ್ಲುತ್ತೇನೆ? ಒಬ್ಬ ಮನುಷ್ಯ ಎರಡು ಕಾಲದಲ್ಲೂ ಆಡಿ ತೋರಿಸಿದ್ದಾನೆ. ಜಾರ್ಜ್ ಫೋರ್‌ಮನ್.

1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿ ಕೈಯಲ್ಲಿ ಎಂಟನೇ ರೌಂಡಿನಲ್ಲಿ ಸೋತಾಗ ಅವನಿಗೆ 25 ವರ್ಷ. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತು ಆಟ ಬಿಟ್ಟ. ಹತ್ತು ವರ್ಷ ಗ್ಲೌಸ್ ಕಡೆ ತಿರುಗಿಯೂ ನೋಡದೆ, 1987ರಲ್ಲಿ ವಾಪಸ್ ಬಂದ. 1991ರಲ್ಲಿ, 42ನೇ ವಯಸ್ಸಿನಲ್ಲಿ, ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಪೂರ್ತಿ 12 ರೌಂಡ್ ನಿಂತು ಪಾಯಿಂಟ್ ಮೇಲೆ ಸೋತ. 1994ರ ನವೆಂಬರ್ 5ರಂದು ಮೈಕೆಲ್ ಮೂರರ್ ಎದುರಿಗಿದ್ದ. ಆ ಹೋಲಿಫೀಲ್ಡ್‌ನನ್ನು ಅದೇ ವರ್ಷ ಸೋಲಿಸಿದವನು, 35 ಪಂದ್ಯಗಳಲ್ಲಿ ಒಂದೂ ಸೋತಿರಲಿಲ್ಲ, ವಯಸ್ಸು 26. ಫೋರ್‌ಮನ್‌ಗೆ 45. ಒಂಬತ್ತು ರೌಂಡ್ ಮುಗಿದಾಗ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಮೂರರ್ ಮುಂದಿದ್ದ. ಹತ್ತನೇ ರೌಂಡಿನಲ್ಲಿ ಫೋರ್‌ಮನ್ ಎಡಗೈ ಜ್ಯಾಬ್ ಹಾಕಿ, ಅದರ ಹಿಂದೆಯೇ ನೇರ ಬಲಗೈ ಹಾಕಿದ. ಆ ಬಲಗೈ ಹೆಚ್ಚು ದೂರ ಹೋಗಲೇ ಇಲ್ಲ. ಗದ್ದಕ್ಕೆ ಬಿತ್ತು, ಮೂರರ್ ಅಂಗಾತ ಬಿದ್ದ, ಹತ್ತರವರೆಗೆ ಎಣಿಸಿದರೂ ಏಳಲಿಲ್ಲ. ಅವತ್ತು ಫೋರ್‌ಮನ್ ಕಾರ್ನರ್‌ನಲ್ಲಿ, ಅಂದರೆ ರೌಂಡ್‌ಗಳ ನಡುವೆ ಸಲಹೆ ಕೊಡುವ ಮೂಲೆಯಲ್ಲಿ, ಇದ್ದವರು ಕೋಚ್ ಏಂಜೆಲೊ ಡಂಡಿ. ಕಿನ್ಶಾಸಾದಲ್ಲಿ ಅಲಿ ಕಾರ್ನರ್‌ನಲ್ಲಿದ್ದವರೂ ಅವರೇ.

ಲ್ಯಾರಿ ಹೋಮ್ಸ್ ಕೂಡ ಅಷ್ಟೇ. 1978ರಲ್ಲಿ ಚಾಂಪಿಯನ್ ಆದವನು, 1992ರಲ್ಲಿ, 42ನೇ ವಯಸ್ಸಿನಲ್ಲಿ, ರೇ ಮರ್ಸರ್‌ನನ್ನು ಸೋಲಿಸಿ ಪಾಠ ಹೇಳಿಕೊಟ್ಟ. ಮರ್ಸರ್ ಒಲಿಂಪಿಕ್ ಚಿನ್ನ ಗೆದ್ದಿದ್ದವನು, ಆವರೆಗೆ ಸೋಲೇ ಕಂಡಿರಲಿಲ್ಲ.

ಇಲ್ಲಿಂದ ಮುಂದೆ ಕೊಂಡಿ ಹಿಡಿದು ನಡೀರಿ. ಫೋರ್‌ಮನ್ ಜೊತೆ 12 ರೌಂಡ್ ಆಡಿದ ಆ ಹೋಲಿಫೀಲ್ಡ್‌ನನ್ನು 1999ರಲ್ಲಿ ಲೆನ್ನಾಕ್ಸ್ ಲೂಯಿಸ್ ಸೋಲಿಸಿದ. ಅದೇ ಲೆನ್ನಾಕ್ಸ್ ಲೂಯಿಸ್ 2003ರಲ್ಲಿ ವಿಟಾಲಿ ಕ್ಲಿಟ್ಷ್ಕೊ ಎದುರು ಪಾಯಿಂಟ್‌ನಲ್ಲಿ ಹಿಂದಿದ್ದ, ವಿಟಾಲಿ ಮುಖ ಸೀಳಿ ಪಂದ್ಯ ನಿಂತಿದ್ದರಿಂದ ಗೆದ್ದ. ವಿಟಾಲಿ ತಮ್ಮ ವ್ಲಾಡಿಮಿರ್ 2017ರಲ್ಲಿ, 41ನೇ ವಯಸ್ಸಿನಲ್ಲಿ, ಆಗಿನ ಚಾಂಪಿಯನ್ ಆಂಥನಿ ಜೋಶುವಾನನ್ನು ವೆಂಬ್ಲಿಯಲ್ಲಿ ನೆಲಕ್ಕೆ ಬೀಳಿಸಿ ಕೊನೆಗೆ 11ನೇ ರೌಂಡಿನಲ್ಲಿ ಸೋತ. ಜೋಶುವಾನನ್ನು ಉಸಿಕ್ ಎರಡು ಸಲ ಸೋಲಿಸಿದ. ಎಲ್ಲೂ ಒಂದು ತಲೆಮಾರು ಇನ್ನೊಂದನ್ನು ಸುಲಭವಾಗಿ ಗುಡಿಸಿ ಹಾಕಿಲ್ಲ. ನಲವತ್ತು ದಾಟಿದ ಹಳಬರು ಹೊಸ ಚಾಂಪಿಯನ್‌ಗಳಿಗೆ ಇಷ್ಟು ತೊಂದರೆ ಕೊಟ್ಟಿದ್ದಾರೆ ಅಂದರೆ, ಅವರೇ ಇಪ್ಪತ್ತೈದರಲ್ಲಿ ಏನು ಮಾಡುತ್ತಿದ್ದರು ಯೋಚಿಸಿ.

ಉಸಿಕ್ ಹೆಸರು ಬಂತಲ್ಲ, ಈ ಪ್ರಶ್ನೆಗೆ ಇವತ್ತಿನ ಕಾಲದಿಂದ ಸಿಗುವ ದೊಡ್ಡ ಉತ್ತರ ಅವನೇ. ಎತ್ತರ ಆರು ಅಡಿ ಮೂರು ಇಂಚು, ಸರಿಯಾಗಿ ಅಲಿಯಷ್ಟೇ. 2021ರಲ್ಲಿ ಜೋಶುವಾನನ್ನು ಮೊದಲ ಸಲ ಸೋಲಿಸಿದಾಗ ತೂಕ 100 ಕಿಲೋ, ಕಿನ್ಶಾಸಾದ ಅಲಿಗಿಂತ ಎರಡು ಕಿಲೋ ಹೆಚ್ಚು ಅಷ್ಟೇ. ಆ ಮೈಯಲ್ಲೇ 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಫ್ಯೂರಿಯನ್ನು ಸೋಲಿಸಿ ಬೇರೆ ಬೇರೆ ಸಂಸ್ಥೆಗಳ ಚಾಂಪಿಯನ್ ಬೆಲ್ಟ್‌ಗಳನ್ನೆಲ್ಲ ಒಟ್ಟು ಮಾಡಿದ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಸೋಲಿಸಿದ. ನಮ್ಮ ಹುಡುಗರಿಗೆ ನಾನು ಹೇಳೋದು ಒಂದೇ: ಉಸಿಕ್ ಪಂದ್ಯ ನೋಡುವಾಗ ಕೈ ನೋಡಬೇಡಿ, ಕಾಲು ನೋಡಿ. ಅವನು ಎಡಗೈ ಆಟಗಾರ. ಎದುರಾಳಿಯ ಎಡಗಾಲಿನ ಹೊರಗಡೆ ತನ್ನ ಬಲಗಾಲು ಇಡ್ತಾನೆ, ಎಡಗೈ ಹಾಕ್ತಾನೆ, ಎದುರಾಳಿ ತಿರುಗುವಷ್ಟರಲ್ಲಿ ಇನ್ನೊಂದು ಹೆಜ್ಜೆ ಪಕ್ಕಕ್ಕೆ. ಒರಗೋಣ ಅಂದರೆ ಅವನು ಅಲ್ಲಿ ಇರೋದೇ ಇಲ್ಲ. ಇದನ್ನು ನೋಡಿದ ಮೇಲೆ 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಅಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಜೊತೆ ಆಡಿದ ಪಂದ್ಯ ಹಾಕಿ ನೋಡಿ. ಮೂರೇ ರೌಂಡ್. ಆ ಕಾಲುಗಳಿಗೆ ಇವತ್ತಿನ ಯಾವ ದೈತ್ಯನೂ ಸುಲಭವಾಗಿ ಬೇಲಿ ಹಾಕಲಾರ.

ಇನ್ನೊಂದು ವಿಷಯ ತುಂಬಾ ಜನ ಮರೆತೇಬಿಡ್ತಾರೆ. ಆಗ ಪ್ರಶಸ್ತಿ ಪಂದ್ಯ ಅಂದರೆ 15 ರೌಂಡ್. 1982ರ ನವೆಂಬರ್‌ನಲ್ಲಿ ಕೊರಿಯಾದ ಲೈಟ್‌ವೇಟ್ ಬಾಕ್ಸರ್ ಡುಕ್ ಕೂ ಕಿಮ್ ಪಂದ್ಯದಲ್ಲಿ ಪೆಟ್ಟು ತಿಂದು ಸತ್ತ ಮೇಲೆ ಬಾಕ್ಸಿಂಗ್ ಸಂಸ್ಥೆಗಳು ಒಂದೊಂದಾಗಿ ಅದನ್ನು 12ಕ್ಕೆ ಇಳಿಸಿದವು. ಇಳಿದದ್ದು ಒಳ್ಳೆಯದೇ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೂರು ರೌಂಡ್‌ಗಳಲ್ಲಿ ಇತಿಹಾಸ ತಿರುಗಿದೆ. 1941ರಲ್ಲಿ ಬಿಲ್ಲಿ ಕಾನ್ ಅನ್ನೋ ಲೈಟ್ ಹೆವಿವೇಟ್ ಆಟಗಾರ ಜೋ ಲೂಯಿಸ್‌ಗೆ 12 ರೌಂಡ್ ನೀರು ಕುಡಿಸಿದ. ಪಾಯಿಂಟ್‌ನಲ್ಲಿ ಮುಂದಿದ್ದ. 13ನೇ ರೌಂಡ್ ಮುಗಿಯಲು ಎರಡು ಸೆಕೆಂಡ್ ಇರುವಾಗ ನಾಕ್‌ಔಟ್ ಆದ. ಮಾರ್ಸಿಯಾನೊ ಚಾಂಪಿಯನ್ ಆದದ್ದೂ ಹಾಗೆಯೇ. ಜೆರ್ಸಿ ಜೋ ವಾಲ್ಕಾಟ್ ಎದುರು ಮೂವರ ಸ್ಕೋರ್ ಕಾರ್ಡ್‌ಗಳಲ್ಲೂ ಹಿಂದಿದ್ದವನು 13ನೇ ರೌಂಡಿನಲ್ಲಿ ಒಂದೇ ಬಲಗೈಯಲ್ಲಿ ಗೆದ್ದ. ಅಲಿಯನ್ನು ಫ್ರೇಜಿಯರ್ ಎಡಗೈ ಹುಕ್ (ಪಕ್ಕದಿಂದ ಬೀಸುವ ಪಂಚ್) ಹಾಕಿ ಬೀಳಿಸಿದ್ದು 15ನೇ ರೌಂಡಿನಲ್ಲಿ. ಆ ಕಾಲದವರು 15ಕ್ಕೆ ಉಸಿರು ಕೂಡಿಟ್ಟು ಆಡುತ್ತಿದ್ದರು. 124 ಕಿಲೋ ಹೊತ್ತುಕೊಂಡು 14ನೇ ರೌಂಡಿಗೆ ಹೋಗೋದು ಬೇರೆಯದೇ ಆಟ. ಹಾಗಾಗಿ ಯಾರು ಗೆಲ್ಲುತ್ತಾರೆ ಅಂತ ಕೇಳುವ ಮುಂಚೆ, ಯಾವ ಕಾಲದ ನಿಯಮ ಅಂತ ಕೇಳಬೇಕು.

ಪಂದ್ಯಗಳ ಸಂಖ್ಯೆಯೂ ಅಷ್ಟೇ ಮುಖ್ಯ. ಜೋ ಲೂಯಿಸ್ 1941ರ ಒಂದೇ ವರ್ಷದಲ್ಲಿ ಏಳು ಸಲ ಪ್ರಶಸ್ತಿ ಉಳಿಸಿಕೊಂಡ. ಇವತ್ತಿನ ಚಾಂಪಿಯನ್ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಆಡುತ್ತಾನೆ. ಕಷ್ಟದ ರೌಂಡ್‌ಗಳಲ್ಲಿ ಏನು ಮಾಡಬೇಕು ಅನ್ನೋದು ಕಷ್ಟದ ರೌಂಡ್ ಆಡಿಯೇ ಬರೋದು.

ಕಂಪ್ಯೂಟರ್ ಲೆಕ್ಕ ಹಾಕಿದರೆ ಗೊತ್ತಾಗಲ್ವಾ ಅಂತ ಕೆಲವರು ಕೇಳ್ತಾರೆ. ಅದನ್ನೂ ಮಾಡಿ ನೋಡಿದ್ದಾರೆ. 1969ರಲ್ಲಿ ಅಲಿಯನ್ನೂ ನಿವೃತ್ತ ಮಾರ್ಸಿಯಾನೊನನ್ನೂ ಕರೆಸಿ, ಕ್ಯಾಮೆರಾ ಮುಂದೆ ಆಡಿಸಿ, ಫಲಿತಾಂಶ ಕಂಪ್ಯೂಟರ್ ಹೇಳಿದ್ದು ಅಂತ ಮುಂದಿನ ವರ್ಷ ಚಿತ್ರಮಂದಿರಗಳಲ್ಲಿ ತೋರಿಸಿದರು. ಅಮೆರಿಕದಲ್ಲಿ ಮಾರ್ಸಿಯಾನೊ 13ನೇ ರೌಂಡಿನಲ್ಲಿ ಗೆದ್ದ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದ.

ನಿಮ್ಮ ತಂದೆಯವರ ಅಭಿಮಾನದ ಬಗ್ಗೆಯೂ ಒಂದು ಮಾತು. ನಮ್ಮ ದೊಡ್ಡಪ್ಪ ಫೋರ್ಟ್‌ನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾ ರಾತ್ರಿ ಶಾಲೆಯಲ್ಲಿ ಓದಿದವರು. ಅಲಿ–ಫ್ರೇಜಿಯರ್ ಮೊದಲ ಪಂದ್ಯ ನಡೆದಾಗ ಮುಂಬೈಗೆ ಟಿವಿಯೇ ಬಂದಿರಲಿಲ್ಲ, ದೂರದರ್ಶನ ಇಲ್ಲಿ ಶುರುವಾದದ್ದು 1972ರ ಅಕ್ಟೋಬರ್‌ನಲ್ಲಿ. ಅವರಿಗೆ ಅಲಿ ಸಿಕ್ಕಿದ್ದು ಪೇಪರಿನಲ್ಲಿ, ಗಿರಾಕಿಗಳ ಮಾತಿನಲ್ಲಿ. ಹಾಗಿದ್ದರೂ ಅವರು ಅಲಿಯನ್ನು ಮೆಚ್ಚಿದ್ದು ಪಂಚಿಗಾಗಿ ಮಾತ್ರ ಅಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದು, ಆಟದ ಅತ್ಯುತ್ತಮ ಮೂರೂವರೆ ವರ್ಷ ಕಳೆದುಕೊಂಡು ಮತ್ತೆ ಚಾಂಪಿಯನ್ ಆದದ್ದಕ್ಕಾಗಿ. ಇದನ್ನು ಫ್ಯೂರಿಯ ತೂಕದ ಜೊತೆ ತಕ್ಕಡಿಗೆ ಹಾಕಬೇಡಿ. ಎರಡೂ ಬೇರೆ ಬೇರೆ ಲೆಕ್ಕ.

ಇನ್ನು ಜೋಡಿಗಳು. 12 ರೌಂಡಿನ ನಿಯಮ ಅಂತಲೇ ಇಟ್ಟುಕೊಳ್ಳಿ. 1966ರ ಅಲಿ ಫ್ಯೂರಿಯನ್ನು ಪಾಯಿಂಟ್ ಮೇಲೆ ಸೋಲಿಸುತ್ತಾನೆ, ಆದರೆ ಸಣ್ಣ ಅಂತರ. ಅಲಿ–ಉಸಿಕ್ ನನಗೆ ಸಮಸಮ, 15 ರೌಂಡ್ ಆದರೆ ಅಲಿ. ಫ್ರೇಜಿಯರ್ ನನಗೆ ತುಂಬಾ ಇಷ್ಟದ ಆಟಗಾರ, ಆದರೂ ಫ್ಯೂರಿ ಎದುರು ಸೋಲುತ್ತಾನೆ. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್ ಅವನನ್ನು ಎರಡೇ ರೌಂಡಿನಲ್ಲಿ ಆರು ಸಲ ಬೀಳಿಸಿದ್ದನ್ನು ನೋಡಿದರೆ, ಉದ್ದ ಕೈಯ ಭಾರದ ಆಳು ಅವನಿಗೆ ಆಗಿಬರಲ್ಲ ಅಂತ ಗೊತ್ತಾಗುತ್ತೆ. ಆ ಫೋರ್‌ಮನ್ ಎದುರು ಜೋಶುವಾ, ವೈಲ್ಡರ್ ಇಬ್ಬರೂ ಆರು ರೌಂಡ್ ದಾಟಲ್ಲ. ಮಾರ್ಸಿಯಾನೊನನ್ನು ಉಸಿಕ್ ಪಾಯಿಂಟ್ ಮೇಲೆ ಆರಾಮವಾಗಿ ಸೋಲಿಸುತ್ತಾನೆ. ಮೈಕ್ ಟೈಸನ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳೇ ಕೇಳ್ತಾರೆ. 1988ರ ಟೈಸನ್ ಮೊದಲ ನಾಲ್ಕು ರೌಂಡಿನಲ್ಲಿ ಯಾರನ್ನು ಬೇಕಾದರೂ ಮಲಗಿಸಬಲ್ಲ. ಆದರೆ ಎತ್ತರದ ಆಳು ಜ್ಯಾಬ್ ಹಾಕುತ್ತಾ, ಹೆದರದೆ ಹಿಡಿದುಕೊಳ್ಳುತ್ತಾ ಹೋದರೆ ಏನಾಗುತ್ತೆ ಅಂತ 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ತೋರಿಸಿದ. ಫ್ಯೂರಿಗೆ ಆ ಆಟ ಡಗ್ಲಸ್‌ಗಿಂತ ಚೆನ್ನಾಗಿ ಬರುತ್ತೆ.